ಉಗ್ರಾಣದ ಬೀಗದ ಕೈ

ಕೂಡು ಕುಟುಂಬದಲ್ಲಿ ಉಗ್ರಾಣ ಎಲ್ಲರದು, ಬೀಗದ ಕೈ ಮಾತ್ರ ಒಬ್ಬರದು. ಹಳೆಯ ಮನೆಗಳಲ್ಲಿ ಅದು ಹಿರಿಯ ಹೆಂಗಸಿನ ಸೊಂಟದಲ್ಲಿ ತೂಗುತ್ತಿತ್ತು. ತುಪ್ಪ ಎಷ್ಟು, ಬೆಲ್ಲ ಯಾರಿಗೆ ಎಂಬುದೆಲ್ಲ ಅಲ್ಲಿಂದಲೇ ತೀರ್ಮಾನ. ಈಗ ಕೂಡಿ ಬಾಳುವ ಮನೆಗಳು ವಿರಳವಾಗಿವೆ. ಆದರೆ ಕೂಡಿ ಬರೆಯುವ ಕಡತಗಳು ಬಂದಿವೆ. ಬೀಗದ ಕೈಯ ತಕರಾರೂ ಅವುಗಳ ಹಿಂದೆಯೇ ಬಂದಿದೆ.

ನಮ್ಮ ತಾಯಿ ಹೇಳುತ್ತಿದ್ದ ಹಸೆಯ ಹಾಡು, ಆರತಿಯ ಹಾಡುಗಳನ್ನು ಒಂದೆಡೆ ಸೇರಿಸೋಣವೆಂದು ನಮ್ಮಣ್ಣ ಗೂಗಲ್ ಡಾಕ್ಸಿನಲ್ಲಿ ಒಂದು ಕಡತ ತೆರೆದ. ಅಲ್ಲಿ ನಾಲ್ಕು ಅಂತಸ್ತುಗಳುಂಟು: ಬರಿದೆ ಓದುವವರು, ಓದಿ ಟಿಪ್ಪಣಿ ಬರೆಯುವವರು, ತಿದ್ದುವವರು, ಎಲ್ಲರ ಮೇಲೆ ಒಡೆಯ. ಒಡೆಯ ಒಬ್ಬನೇ. ಅಣ್ಣ ಉದಾರಿ, ನಮಗೆಲ್ಲ ತಿದ್ದುವ ಹಕ್ಕು ಕೊಟ್ಟ. ವಾರದೊಳಗೆ ಯುದ್ಧ. ಶಿವಮೊಗ್ಗದ ಸೋದರತ್ತೆ "ನಮ್ಮ ಮನೆಯಲ್ಲಿ ಹೀಗೆ ಹೇಳುವುದಿಲ್ಲ" ಎಂದು ಹಾಡು ತಿದ್ದುವರು. ಪುಣೆಯ ಅಕ್ಕ ಅದನ್ನು ಮತ್ತೆ ಮೊದಲಿನಂತೆ ಮಾಡುವಳು. ಒಂದು ರಾತ್ರಿ ಇಬ್ಬರ ಹೆಸರು ಹೊತ್ತ ಬಣ್ಣದ ಗೆರೆಗಳೂ ಒಂದೇ ಪದದ ಎರಡು ಮಗ್ಗುಲಿಗೆ ನಿಂತು ಮಿನುಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಮರುದಿನ ಅಣ್ಣ ಇಬ್ಬರನ್ನೂ ಟಿಪ್ಪಣಿಯ ಅಂತಸ್ತಿಗೆ ಇಳಿಸಿದ. ಅತ್ತೆ ಎರಡು ತಿಂಗಳು ಅವನೊಡನೆ ಮಾತು ಬಿಟ್ಟರು. ಅವರ ಪಾಠವನ್ನೂ ಅವನು ಕೆಳಗೆ ಬರೆದ ಮೇಲೆ ಹಪ್ಪಳದ ಪೊಟ್ಟಣ ಬಂತು.

ಕಳೆದ ವರ್ಷ ಅಣ್ಣ ತೀರಿಕೊಂಡ.

ಕಡತ ಇನ್ನೂ ಅವನದೇ. 2023ರಲ್ಲಿ ಗೂಗಲ್ ಮಾಡಿದ ನಿಯಮದಂತೆ, ಎರಡು ವರ್ಷ ಯಾರೂ ಬಳಸದ ಸ್ವಂತ ಖಾತೆಯನ್ನು ಅಳಿಸಿಹಾಕಬಹುದು. ಖಾತೆ ಹೋದರೆ ಅದರ ಕಡತ ಎಲ್ಲರ ಪಾಲಿಗೂ ಹೋದಂತೆ. ಮುಂದೆ ಯಾರಿಗೆ ಸೇರಬೇಕೆಂದು ಮೊದಲೇ ಗೊತ್ತುಮಾಡಿಡುವ ಏರ್ಪಾಡು 2013ರಿಂದಲೇ ಉಂಟು. ಒಂದು ಬಗೆಯ ಉಯಿಲು. 58 ವರ್ಷದವನಿಗೆ ಉಯಿಲಿನ ಯೋಚನೆ ಏಕೆ ಬಂದೀತು?

ಪ್ರತಿ ತೆಗೆದಿಟ್ಟುಕೊಳ್ಳಿ ಎನ್ನುತ್ತಾನೆ ನನ್ನ ಮಗ. ತೆಗೆದಿದ್ದೇವೆ. ಆದರೆ ಪ್ರತಿಯಲ್ಲಿ ಹಾಡು ಬರುತ್ತದೆ, ಹಾಡಿನ ಚರಿತ್ರೆ ಬರುವುದಿಲ್ಲ. ಯಾವ ಸಾಲನ್ನು ಯಾರು, ಯಾವ ಹೊತ್ತಿನಲ್ಲಿ ತಿದ್ದಿದರೆಂಬ ದಾಖಲೆ ಮೂಲದಲ್ಲೇ ಉಳಿಯುತ್ತದೆ. ನಿದ್ದೆ ಬಾರದ ಅಣ್ಣ ಬೆಳಗಿನ ಮೂರು ಗಂಟೆಗೆ ಎದ್ದು ಮೂರನೆಯ ಹಾಡಿನಲ್ಲಿ ಒಂದೇ ಒಂದು ದೀರ್ಘ ಹಾಕಿ ಮಲಗಿದ್ದು ಅಲ್ಲಿದೆ.

ಅವನ ಫೋನು ಅತ್ತಿಗೆಯ ಬಳಿ ಇದೆ. ಖಾತೆ ತೆರೆದೇ ಇದೆ. ಅದರಿಂದ ಒಡೆತನವನ್ನು ನನಗೆ ವರ್ಗಾಯಿಸಬಹುದು. ಆಗ ಚರಿತ್ರೆ ಉಳಿಯುತ್ತದೆ, ಅವನು ತಿದ್ದುವವರ ಅಂತಸ್ತಿಗೆ ಇಳಿಯುತ್ತಾನೆ. ಕೇಳಿ ನೋಡಿದೆ. "ಅವರ ಹೆಸರು ಮೇಲೇ ಇರಲಿ ಬಿಡಿ. ನಾನೇ ಆಗಾಗ ತೆಗೆದು ನೋಡುತ್ತಿರುತ್ತೇನೆ" ಎಂದರು ಅತ್ತಿಗೆ. ಲೆಕ್ಕಕ್ಕೆ ಅದೂ ಬಳಕೆಯೇ.

ಹೀಗಾಗಿ ಪ್ರತಿ ಶುಕ್ರವಾರ ಸಂಜೆ ಅವರು ಕಡತ ತೆರೆಯುತ್ತಾರೆ. ಆ ಹೊತ್ತಿಗೆ ನಾನೂ ತೆರೆದಿದ್ದರೆ, ಪರದೆಯ ಮೇಲ್ಮೂಲೆಯಲ್ಲಿ ಅಣ್ಣನ ಹೆಸರಿನ ಮೊದಲಕ್ಷರ ಬಣ್ಣದ ಬಿಲ್ಲೆಯೊಳಗೆ ಮೂಡುತ್ತದೆ. ಮೊದಲ ಸಲ ಅಕ್ಕ ಬೆಚ್ಚಿ ಪುಣೆಯಿಂದ ಫೋನು ಮಾಡಿದಳು. ಈಗ ಅವಳೂ ಶುಕ್ರವಾರ ಬಂದು ಕೂಡುತ್ತಾಳೆ, ಏನನ್ನೂ ಬರೆಯುವುದಿಲ್ಲ. ಅತ್ತೆ ಮಾತ್ರ ಮೊನ್ನೆ ಮೂರನೆಯ ಹಾಡಿನ ಪಕ್ಕದಲ್ಲಿ, "ಇಲ್ಲಿ ದೀರ್ಘ ಬೇಡ ಮಾರಾಯ" ಎಂದು ಟಿಪ್ಪಣಿ ಹಾಕಿದ್ದಾರೆ. ಅದಕ್ಕೆ ನಾವಾರೂ ಇನ್ನೂ ಉತ್ತರ ಬರೆದಿಲ್ಲ.