ಎಂಜಿನ್ ಬಿಚ್ಚುವ ಮೊದಲು ನಾಡಿ ನೋಡಿ

ನಮ್ಮ ಮನೆಯಲ್ಲಿರುವುದು 1998ರ ಮಾರುತಿ 800. ಅಡಿಕೆ ಮಂಡಿಗೆ, ಮದುವೆ ಮನೆಗೆ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೆ, ಎಲ್ಲದಕ್ಕೂ ಅದೇ. ಬಸ್ಸು ಹಿಡಿಯಲು ನಾಲ್ಕು ಕಿಲೋಮೀಟರ್ ನಡೆಯಬೇಕಾದ ಊರು ನಮ್ಮದು. ಹಾಗಾಗಿ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರು ನಿಂತಲ್ಲೇ ನಡುಗತೊಡಗಿದಾಗ ನಮಗಷ್ಟೇ ಅಲ್ಲ, ಅಕ್ಕಪಕ್ಕದ ಮನೆಯವರಿಗೂ ಚಿಂತೆಯಾಯಿತು.

ಓಡುವಾಗ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ನಿಲ್ಲಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಸ್ಟೀರಿಂಗು, ಕನ್ನಡಿ, ಸೀಟು ಎಲ್ಲ ಗಡಗಡ. ಒಮ್ಮೊಮ್ಮೆ ಆಫ್ ಆಗಿಬಿಡುತ್ತಿತ್ತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಎಂಜಿನ್ ಬೋರ್‌ಗೆ ಬಂದಿದೆ, ಬಿಚ್ಚಬೇಕು" ಎಂದರು. ಖರ್ಚಿನ ಲೆಕ್ಕ ಕೇಳಿದ ಅಪ್ಪ, ಗುಜರಿಗೆ ಕೊಟ್ಟುಬಿಡೋಣ ಎನ್ನುವಲ್ಲಿಗೆ ಬಂದರು.

ತಡೆದವರು ಸೋದರಮಾವ. ಬಹಳ ವರ್ಷ ಬಾಡಿಗೆ ಜೀಪು ಓಡಿಸಿದವರು. "ಜ್ವರ ಬಂದ ಕೂಡಲೇ ಹೊಟ್ಟೆ ಕೊಯ್ತಾರಾ ಭಾವ? ಮೊದಲು ನಾಡಿ ಹಿಡಿದು ನೋಡುವ" ಎಂದರು. ಅವರು ನೋಡಿದ ಕ್ರಮ ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಉಪಯೋಗವಾದೀತು.

ಈ ಕಾರಿನದು 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ಮೂವರು ಹೊರುವ ಹೊರೆಯಲ್ಲಿ ಒಬ್ಬ ಕೈಬಿಟ್ಟರೆ ಹೇಗೋ ಹಾಗೆ, ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೂ ಇಡೀ ಕಾರು ಅಲುಗುತ್ತದೆ. ಹಾಗಾಗಿ ಮೊದಲ ಪ್ರಶ್ನೆ: ತೊಂದರೆ ಒಂದು ಸಿಲಿಂಡರಿನದೋ, ಮೂರಕ್ಕೂ ಸೇರಿದ್ದೋ?

ಕಾರನ್ನು ಅಂಗಳಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿದರು. ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ, ಕೆಲವೇ ಸೆಕೆಂಡು ಎಳೆದು ಮತ್ತೆ ಹಾಕಿದರು. ಯಾವ ವಯರು ತೆಗೆದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ, ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಅರ್ಥ. ನಮ್ಮದರಲ್ಲಿ ಯಾವುದನ್ನು ತೆಗೆದರೂ ಸದ್ದು ಒಂದೇ ರೀತಿ ಕುಗ್ಗಿತು. ಅಂದರೆ ಮೂರೂ ದುಡಿಯುತ್ತಿವೆ. (ಆ ವಯರಿನಲ್ಲಿ ಸಾವಿರಾರು ವೋಲ್ಟ್ ಕರೆಂಟು ಇರುತ್ತದೆ. ಅಭ್ಯಾಸವಿಲ್ಲದವರು ಮುಟ್ಟಬೇಡಿ, ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.)

ಆಮೇಲೆ ಎಂಜಿನ್ ಆರಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ ತುದಿ ನೋಡಿದರು. ತಿಳಿ ಕಂದು ಬಣ್ಣವಿದ್ದರೆ ಎಲ್ಲ ಸರಿ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಆಯಿಲ್ ಅಂಟಿ ಜಿಡ್ಡಾಗಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಮೇಲೆ ಅನುಮಾನ. ನಮ್ಮ ಮೂರೂ ಪ್ಲಗ್ಗುಗಳು ಬಿಳಿಚಿಕೊಂಡಿದ್ದವು. ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಎನ್ನುವುದರ ಗುರುತು ಅದು. ಮತ್ತೆ ಸ್ಟಾರ್ಟ್ ಮಾಡಿ ಚೋಕ್ ಅರ್ಧ ಎಳೆದರು. ನಡುಕ ತಗ್ಗಿತು! ಅನುಮಾನ ಗಟ್ಟಿಯಾಯಿತು.

ಹೆಚ್ಚುವರಿ ಗಾಳಿ ಎಲ್ಲಿಂದ? ಕಾರ್ಬುರೇಟರಿನ ಕೆಳಗಿರುವ ಮ್ಯಾನಿಫೋಲ್ಡಿಗೆ ಕೂರಿಸಿದ ಸಣ್ಣ ರಬ್ಬರ್ ಹೋಸುಗಳನ್ನು ಮಾವ ಬೆರಳಿನಲ್ಲಿ ಒಂದೊಂದಾಗಿ ಒತ್ತುತ್ತ ಹೋದರು. ಒಂದನ್ನು ಒತ್ತಿದ್ದೇ ತಡ, ಎಂಜಿನ್ ಸಮವಾಗಿ ಓಡತೊಡಗಿತು. ಕ್ಲಿಪ್ಪಿನ ಅಡಿಯಲ್ಲಿ ಹೋಸು ಸೀಳಿತ್ತು. ಅರ್ಧ ಅಡಿ ಹೊಸ ಹೋಸಿಗೆ ನೂರು ರೂಪಾಯಿಯೂ ಆಗಲಿಲ್ಲ.

ಇಷ್ಟು ಸಣ್ಣ ಸೀಳಿಗೆ ಅಷ್ಟು ನಡುಕ ಯಾಕೆ? ಐಡ್ಲಿಂಗ್‌ನಲ್ಲಿ ಎಂಜಿನ್ ಬದುಕುವುದೇ ಸ್ವಲ್ಪ ಗಾಳಿ, ಸ್ವಲ್ಪ ಪೆಟ್ರೋಲಿನ ಮೇಲೆ. ಅದರೊಳಗೆ ಕಳ್ಳಗಾಳಿ ಸೇರಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ವೇಗದಲ್ಲಿ ಓಡುವಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಜಾಸ್ತಿ, ಹಾಗಾಗಿ ಈ ತೂತು ಲೆಕ್ಕಕ್ಕೇ ಬರುವುದಿಲ್ಲ. ನಿಂತಾಗ ನಡುಗಿ, ಓಡುವಾಗ ಸುಮ್ಮನಿದ್ದರೆ ಮೊದಲು ಹೋಸು ನೋಡಬೇಕಾದ್ದು ಇದಕ್ಕೇ.

ಹಳೇ ರಬ್ಬರು ಎಂಜಿನ್ ಬಿಸಿಗೆ ಗಡುಸಾಗಿ ಬಿರಿಯುತ್ತದೆ. ಇಲಿ ಕಡಿಯುವುದೂ ಉಂಟು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರಿನ ಪಸೆ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸಿದ್ದರೆ ಟ್ಯಾಂಕಿನ ಅಡಿಗೆ ನೀರು ಇಳಿದಿದೆಯೋ ಎಂದು ನೋಡಿಸಿ.

ಕೆಲವರು ಐಡಲ್ ಸ್ಕ್ರೂ ತಿರುಗಿಸಿ ಸ್ಪೀಡ್ ಏರಿಸಿ ಕಳಿಸುತ್ತಾರೆ. ಆಗ ನಡುಕ ಮುಚ್ಚಿಹೋಗುತ್ತದೆ, ರೋಗ ಹಾಗೇ ಇರುತ್ತದೆ, ಪೆಟ್ರೋಲ್ ಸುಮ್ಮನೆ ಉರಿಯುತ್ತದೆ. ಇನ್ನು ಕಾರ್ಬುರೇಟರ್ ಇಲ್ಲದ ಎಂಪಿಎಫ್‌ಐ ಕಾರುಗಳಲ್ಲಿ ಪ್ಲಗ್ ವಯರು ಎಳೆದು ನೋಡಬಾರದು. ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್ ದಾರಿಯಲ್ಲಿರುವ ಕನ್ವರ್ಟರ್ ಹಾಳಾದೀತು. ಅವುಗಳಿಗೆ ಸ್ಕ್ಯಾನರ್ ಹಾಕಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ.

ಯಾವ ಕಾರೇ ಇರಲಿ, ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ. ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಪ್ರಾಣ ತೆಗೆಯುತ್ತದೆ. ಶಾಲು, ಲುಂಗಿಯ ತುದಿ ಫ್ಯಾನ್ ಬೆಲ್ಟಿನ ಹತ್ತಿರ ಸುಳಿಯದಿರಲಿ.

ಎಂಜಿನ್ ಬಿಚ್ಚಲೇಬೇಕಾದ ಸಂದರ್ಭವೂ ಇರುತ್ತದೆ. ನೀಲಿ ಹೊಗೆ, ಪದೇ ಪದೇ ಇಳಿಯುವ ಆಯಿಲ್, ಜಿಡ್ಡು ಹಿಡಿದ ಪ್ಲಗ್, ಇವೆಲ್ಲ ಅದರ ಸೂಚನೆ. ಆಗಲೂ ಬಾಯಿಮಾತಿಗೆ ಒಪ್ಪಬೇಡಿ. "ಕಂಪ್ರೆಷನ್ ಗೇಜ್ ಹಾಕಿ, ಪ್ರತಿ ಸಿಲಿಂಡರಿನ ಅಂಕಿ ಬರೆದುಕೊಡಿ" ಎಂದು ಕೇಳಿ. ಬೋರ್‌ಗೆ ಬಂದದ್ದು ನಿಜವಾದರೆ ಆ ಅಂಕಿಗಳಲ್ಲಿ ಕಾಣುತ್ತದೆ. ಅಳತೆ ಮಾಡದೆ ಬಿಚ್ಚುತ್ತೇನೆ ಎಂದರೆ ಬಾನೆಟ್ ಮುಚ್ಚಿ ಇನ್ನೊಂದು ಗ್ಯಾರೇಜು ನೋಡಿಕೊಳ್ಳಿ.