ಅವ್ವ ಹಾಕಿದ ಅಗುಳಿ

ತೂತುಗಳಿರುವ ಇಡ್ಲಿ ತಟ್ಟೆ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದಲ್ಲವೆ? ನನ್ನ ಈ ಕಥೆಯಲ್ಲಿ ಅದಕ್ಕೂ ಒಂದು ಪಾತ್ರವಿದೆ. ಸ್ವಲ್ಪ ತಾಳಿ, ಅಲ್ಲಿಗೆ ಬರುತ್ತೇನೆ.

1980ರ ಫೆಬ್ರುವರಿ 16. ನಾನಾಗ ಗದಗಿನಲ್ಲಿ ಮೂರನೇ ಇಯತ್ತೆ ಓದುವ ಹುಡುಗಿ. ಅಂದು ಮಧ್ಯಾಹ್ನ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯಲ್ಲೆಲ್ಲ ಸಂಪೂರ್ಣ ಸೂರ್ಯಗ್ರಹಣ. ರಾಯಚೂರಿನ ಜವಳಗೇರಾದಲ್ಲಿ ವಿಜ್ಞಾನಿಗಳು ಬಿಡಾರ ಹೂಡಿದ್ದರು. ಅಷ್ಟು ದೂರದಿಂದ ಅವರು ನೋಡಲು ಬಂದದ್ದು ನಮ್ಮ ಮನೆಯ ನೆತ್ತಿಯ ಮೇಲೆಯೇ ನಡೆದಿತ್ತು. ಆದರೆ ಅವ್ವ ಬಾಗಿಲಿಗೆ ಅಗುಳಿ ಹಾಕಿ, ಕಿಟಕಿಗೆ ಕಂಬಳಿ ಹೊದಿಸಿ, “ಹೊರಗ ಕಾಲಿಟ್ಟರ ಕಾಲ ಮುರೀತೀನಿ” ಎಂದು ಬಾಗಿಲಿಗೇ ಆತು ಕೂತಳು. ಹಗಲಿನಲ್ಲಿ ಕತ್ತಲಾದ ಆ ಎರಡು ನಿಮಿಷ ನಾನು ನೋಡಿದ್ದು ಕಂಬಳಿಯನ್ನು! ಹಿತ್ತಲ ಬೇವಿನ ಮರದ ಗುಬ್ಬಿಗಳು ಒಮ್ಮೆಗೇ ಸುಮ್ಮನಾದದ್ದು ಮಾತ್ರ ಕೇಳಿಸಿತು. ಅವ್ವನ ಮೇಲೆ ಆ ಸಿಟ್ಟು ಎಷ್ಟೋ ವರ್ಷ ಇತ್ತು ಎಂದರೆ ನಗಬೇಡಿ.

ಮುಂದೆ ಓದಿ ಸೂಕ್ಷ್ಮಜೀವಿ ವಿಜ್ಞಾನಿಯಾದೆ. ಮದುವೆಯಾಗಿ ಮಂಗಳೂರು ಸೇರಿದೆ. ಮೀನಿಗೆ ತಗಲುವ ರೋಗಾಣುಗಳನ್ನು ನೋಡುತ್ತಾ ಸೂಕ್ಷ್ಮದರ್ಶಕದ ಮೇಲೆ ಬಗ್ಗಿಯೇ ಇಪ್ಪತ್ತು ವರ್ಷ ಕಳೆದೆ. ಕತ್ತು ನೋವು ಹಿಡಿಯಿತು. ಡಾಕ್ಟರು, “ದಿನಾ ಹತ್ತು ನಿಮಿಷ ಕತ್ತೆತ್ತಿ ಮೇಲೆ ನೋಡಿ ಅಮ್ಮಾ” ಎಂದರು. ಔಷಧಿ ಎಂದು ಶುರುವಾದದ್ದು ಹುಚ್ಚಾಯಿತು, ನೋಡಿ. ಮೈದುನ ಹಕ್ಕಿ ನೋಡಲು ತಂದಿಟ್ಟಿದ್ದ ದುರ್ಬೀನನ್ನು ಒಂದು ರಾತ್ರಿ ತಾರಸಿಯ ಗೋಡೆಗೆ ಆನಿಸಿ ಗುರುಗ್ರಹದತ್ತ ತಿರುಗಿಸಿದೆ. ಪಕ್ಕದಲ್ಲಿ ಸಾಲಾಗಿ ಸೂಜಿಮೊನೆಯಂಥ ಚುಕ್ಕೆಗಳು! 1610ರಲ್ಲಿ ಗೆಲಿಲಿಯೋ ಕಂಡ ಅದೇ ಚಂದ್ರರು. ಮರುದಿನ ಎದುರುಮನೆಯಾಕೆ ಮಾತು ಬಿಟ್ಟರು. ನಾನು ಅವರ ಮನೆಯೊಳಗೆ ಇಣುಕುತ್ತಿದ್ದೇನೆ ಎಂದುಕೊಂಡಿದ್ದರಂತೆ. ಕರೆದು ಚಂದ್ರನ ಕುಳಿಗಳನ್ನು ತೋರಿಸಿದ ಮೇಲೆಯೇ ಮಾತು ಮರಳಿದ್ದು. (ಚಂದ್ರನನ್ನು ಹುಣ್ಣಿಮೆಯಲ್ಲಿ ನೋಡಬೇಡಿ, ಸಪ್ಪೆ. ಅಷ್ಟಮಿಯ ಆಸುಪಾಸಿನಲ್ಲಿ ನೋಡಿ. ಓರೆ ಬಿಸಿಲಿಗೆ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ.)

ಆಮೇಲೆ ಫೋಟೋ ತೆಗೆಯುವ ಆಸೆ. ಮಂಗಳೂರಿನಲ್ಲಿ ನಾಲ್ಕು ತಿಂಗಳು ಮಳೆ, ಉಳಿದಂತೆ ಬೀದಿದೀಪ. ಹಾಗಾಗಿ ಡಿಸೆಂಬರಿನಲ್ಲಿ ಕುದುರೆಮುಖದ ತಪ್ಪಲಿನಲ್ಲಿರುವ ಅತ್ತೆಯವರ ತೋಟದ ಮನೆಗೆ ಹೋಗುತ್ತೇವೆ. ಅಲ್ಲಿ ಅಡಿಕೆ ಒಣಗಿಸುವ ಅಂಗಳವೇ ನನ್ನ ವೀಕ್ಷಣಾಲಯ. ಮೊದಲ ರಾತ್ರಿ ಕ್ಯಾಮೆರಾವನ್ನು ಮೂರುಕಾಲಿಯ ಮೇಲೆ ನಿಲ್ಲಿಸಿ ಒಂದು ನಿಮಿಷ ತೆರೆದಿಟ್ಟೆ. ನಕ್ಷತ್ರಗಳೆಲ್ಲ ಗೀಟುಗಳಾಗಿ ಬಂದವು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದಲ್ಲ, ಅದು ನನಗಾಗಿ ನಿಲ್ಲುತ್ತದೆಯೆ? ಎಂಟೇ ಸೆಕೆಂಡಿಗೆ ಇಳಿಸಿದೆ. ಗೀಟು ಹೋಯಿತು, ಆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು. ಇನ್ನೊಂದು ರಾತ್ರಿ ಇಬ್ಬನಿ ಕೂತು ಗಾಜೇ ಮಸುಕಾಯಿತು. ಓರಗಿತ್ತಿಯ ಕೂದಲು ಒಣಗಿಸುವ ಯಂತ್ರ ಆಗ ಒದಗಿ ಬಂತು.

ಉಪಾಯ ಹೊಳೆದದ್ದು ಪ್ರಯೋಗಾಲಯದಲ್ಲಿ. ಅಲ್ಲಿ ಒಂದೇ ಅಳತೆಯನ್ನು ಹತ್ತಾರು ಸಲ ತೆಗೆದು ಸರಾಸರಿ ನೋಡುವುದು ನಮ್ಮ ದಿನನಿತ್ಯದ ಕೆಲಸ. ಚಿತ್ರಕ್ಕೂ ಅದೇ! ಎಂಟೆಂಟು ಸೆಕೆಂಡಿನ ನೂರು ಚಿತ್ರ ತೆಗೆದು, ನಕ್ಷತ್ರದ ಮೇಲೆ ನಕ್ಷತ್ರ ಬರುವಂತೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಬೇಕು. ನಕ್ಷತ್ರ ಎಲ್ಲದರಲ್ಲೂ ಇದ್ದಲ್ಲೇ ಇರುತ್ತದೆ. ರವೆಯ ಕಾಳು ಒಂದೊಂದರಲ್ಲಿ ಒಂದೊಂದು ಕಡೆ ಬಿದ್ದಿರುವುದರಿಂದ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹೀಗೆ ಮಹಾವ್ಯಾಧನ ನಡುಪಟ್ಟಿಯ ಕೆಳಗೆ, ಅವನ ಕತ್ತಿಯ ನಡುವೆ, ಗುಲಾಬಿ ಬಣ್ಣದ ಮೋಡವೊಂದು ಮೂಡಿತು. ಹೊಸ ನಕ್ಷತ್ರಗಳು ಹುಟ್ಟುವ ಜಾಗ ಅದು. ಬರಿಗಣ್ಣಿಗೆ ಆ ಬಣ್ಣ ಕಾಣದು, ಬೂದಿಯ ಮಸುಕು ಅಷ್ಟೆ. ಆ ಬೆಳಕು ಹೊರಟು 1300 ವರ್ಷದ ಮೇಲಾಯಿತು. ಆಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು.

ಅಂದ ಹಾಗೆ, ಆ ಮಹಾವ್ಯಾಧ ನಿಮಗೂ ಗೊತ್ತು. ಮೃಗಶಿರ, ಆರಿದ್ರಾ ಮಳೆ ಎನ್ನುತ್ತೇವಲ್ಲ, ಆ ನಕ್ಷತ್ರಗಳು ಇರುವುದು ಅವನಲ್ಲೇ. ಆ ಮಳೆಗಳ ಕಾಲದಲ್ಲಿ ಸೂರ್ಯ ಅವುಗಳ ಬಳಿ ಇರುವುದರಿಂದ ಅವು ಕಾಣಿಸುವುದಿಲ್ಲ. ಡಿಸೆಂಬರಿನಲ್ಲಿ ಊಟ ಮುಗಿಸಿ ಪೂರ್ವಕ್ಕೆ ನೋಡಿ.

ಈಗ ಇಡ್ಲಿ ತಟ್ಟೆಗೆ ಬರೋಣ. 2019ರ ಡಿಸೆಂಬರ್ 26, ಬೆಳಿಗ್ಗೆ ಮಂಗಳೂರಿನಲ್ಲಿ ಕಂಕಣ ಗ್ರಹಣ. ಅಪ್ಪ ಹೋದ ಮೇಲೆ ಅವ್ವ ನಮ್ಮೊಂದಿಗೇ ಇದ್ದಳು. ಬೆಳಿಗ್ಗೆಯೇ ಉಪ್ಪಿನಕಾಯಿ ಭರಣಿಗೆ ದರ್ಭೆ ಇಟ್ಟು, ಕೋಣೆ ಸೇರಿದಳು. ನಾನು ವಾದಿಸಲಿಲ್ಲ. ಕ್ಯಾಮೆರಾಕ್ಕೆ ಸೌರ ಫಿಲ್ಟರ್ ತೊಡಿಸಿ ತಾರಸಿಯಲ್ಲಿ ನಿಂತೆ. (ಎಕ್ಸರೇ ಹಾಳೆ, ಅರಿಸಿನ ನೀರು, ಸಗಣಿ ನೀರು ಯಾವುದೂ ಬೇಡ, ಕಣ್ಣು ಹೋಗುತ್ತದೆ. ಗ್ರಹಣಕ್ಕೆಂದೇ ಮಾಡಿದ ಕನ್ನಡಕವೇ ಆಗಬೇಕು.) ಕನ್ನಡಕ ಸಾಲದೆ ಬಂದ ಮಕ್ಕಳಿಗಾಗಿ ಇಡ್ಲಿ ತಟ್ಟೆಯನ್ನು ಬಿಳಿ ಗೋಡೆಯಿಂದ ಮೂರಡಿ ದೂರದಲ್ಲಿ ಬಿಸಿಲಿಗೆ ಹಿಡಿದೆ. ಒಂದೊಂದು ತೂತಿನಿಂದಲೂ ಒಂದೊಂದು ಪುಟ್ಟ ಸೂರ್ಯ. ಒಂಬತ್ತು ಇಪ್ಪತ್ತೈದರ ಸುಮಾರಿಗೆ ಅವೆಲ್ಲ ಬಳೆಗಳಾದವು.

ಹಿಂದಿನಿಂದ ದನಿ ಬಂತು: “ಗೋಡಿ ಮ್ಯಾಲ ಬಳಿ ಬಿದ್ದಾವಲ್ಲ!”

ಅವ್ವ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. ಆಕಾಶ ನೋಡಲಿಲ್ಲ, ಗೋಡೆ ನೋಡಿದಳು. ಬಳೆಗಳು ಕರಗುವವರೆಗೂ ನೋಡಿದಳು. ಮಕ್ಕಳು ಹೋದ ಮೇಲೆ, “ನಿನ್ನಕಿಂತ ಮೊದಲ ಒಂದು ಗಂಡ ಕೂಸು ಇತ್ತು” ಎಂದಳು. ನನಗೆ ಗೊತ್ತೇ ಇರಲಿಲ್ಲ! ಏಳು ತಿಂಗಳ ಬಸುರಿಯಿದ್ದಾಗ ಗ್ರಹಣ ಹಿಡಿದದ್ದು ಮರೆತು ಬದನೆಕಾಯಿ ಹೆಚ್ಚಿದ್ದಳಂತೆ. ಕೂಸು ಸೀಳಿದ ತುಟಿ, ಸೀಳಿದ ಅಂಗುಳದೊಂದಿಗೆ ಹುಟ್ಟಿತು. ಕುಡಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಇಪ್ಪತ್ತು ದಿನ ಇತ್ತು. “ನಿಮ್ಮಜ್ಜಿ ಸಾಯೂತನಕ ಅಂದ್ಲು, ನೀನs ಹೆಚ್ಚಿ ಸೀಳಿದಿ ಅಂತ.”

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಅವ್ವಾ, ತುಟಿ ಕೂಡೂದು ಎರಡನೇ ತಿಂಗಳದಾಗ, ಅಂಗುಳ ಮೂರನೇದರಾಗ. ಅಷ್ಟರಾಗ ಕೂಡಲಿಲ್ಲಾ ಅಂದ್ರ ಸೀಳು ಹಂಗೇ ಉಳೀತದ. ಗ್ರಹಣಕ್ಕೂ ಈಳಿಗೆಗೂ ಸಂಬಂಧ ಇಲ್ಲ.”

“ನಾ ಹೆಚ್ಚೂವಾಗ, ಅದರ ತುಟಿ ಆಗಲೇ ಹಂಗs ಇತ್ತಂತೀ ಏನು?”

“ಹೌದವ್ವಾ. ನಾಲ್ಕು ತಿಂಗಳ ಹಿಂದಿನಿಂದ.”

ಬಹಳ ಹೊತ್ತು ಸುಮ್ಮನಿದ್ದಳು. “ಅವಾಗ ಯಾರೂ ಹೇಳಲಿಲ್ಲ ನೋಡು” ಎಂದಳು.

ಹನ್ನೊಂದರ ಮೇಲೆ ಗ್ರಹಣ ಬಿಟ್ಟಿತು. ಅವ್ವ ಎಂದಿನಂತೆ ತಲೆಗೆ ನೀರು ಹಾಕಿಕೊಂಡಳು. ನಾನೂ ಹಾಕಿಕೊಂಡೆ. ಆಮೇಲೆ ಅಡಿಗೆಮನೆಗೆ ಬಂದು ಈಳಿಗೆ ಎಳೆದುಕೊಂಡು ಕೂತು, “ಬದನಿಕಾಯಿ ಅದಾವೇನು ಮನ್ಯಾಗ?” ಎಂದು ಕೇಳಿದಳು.