ಅಲೆಗೂ ತೀರ್ಪಿಗೂ ನಡುವೆ

ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ ನಿನ್ನೆಯೇ ಹೇಳಿದ್ದರು. ಆದರೂ ಮನಃಶಾಸ್ತ್ರ ಎಂ.ಎಸ್ಸಿ. ಓದುತ್ತಿರುವ ಹುಡುಗ ನಿಮ್ಮ ಕೂದಲನ್ನು ಬೆರಳಿನಿಂದ ಸರಿಸಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ನೆತ್ತಿ ಒರೆಸುತ್ತಾನೆ. ಬಟ್ಟೆಯ ಟೋಪಿಯನ್ನು ಎಳೆದು ಕೂರಿಸಿ ಗದ್ದದ ಕೆಳಗೆ ಪಟ್ಟಿ ಬಿಗಿಯುತ್ತಾನೆ. ಟೋಪಿಯ ತುಂಬಾ ತೂತು, ಒಂದೊಂದು ತೂತಿಗೂ ಒಂದೊಂದು ಎಲೆಕ್ಟ್ರೋಡ್. ಮೊಂಡು ಸೂಜಿಯ ಸಿರಿಂಜಿನಿಂದ ತಣ್ಣನೆಯ ಜೆಲ್ ಒಳಗಿಳಿಯುತ್ತದೆ. "ಚುಚ್ಚಲ್ಲ, ಹೆದರಬೇಡಿ."

"ಕಣ್ಣು ಮಿಟುಕಿಸಿ" ಎನ್ನುತ್ತಾನೆ. ಪರದೆಯ ಮೇಲೆ ಗೆರೆಗಳು ಗುಡ್ಡದಂತೆ ಎದ್ದು ಬೀಳುತ್ತವೆ. "ಇದು ಮಿದುಳಲ್ಲ, ನಿಮ್ಮ ರೆಪ್ಪೆ." ಹಲ್ಲು ಕಚ್ಚುತ್ತೀರಿ. ಪರದೆಯೆಲ್ಲ ಗೀಚಿದಂತಾಗುತ್ತದೆ. "ಇದೂ ಅಲ್ಲ, ಇದು ದವಡೆ." ಅರ್ಧ ನಿಮಿಷ ಕಣ್ಣು ಮುಚ್ಚಿ ಸುಮ್ಮನಿರಲು ಹೇಳಿ, ಆಮೇಲೆ ಅದರ ದಾಖಲೆ ತೋರಿಸುತ್ತಾನೆ. ತಲೆಯ ಹಿಂಭಾಗದಿಂದ ಬಂದ ಗೆರೆಗಳು ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ಒಂದೇ ಲಯದಲ್ಲಿ ತೂಗುತ್ತಿವೆ. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಜಗತ್ತಿಗೆ ತೋರಿಸಿದ ಅಲೆ ಇದೇ. ನೀವು ನಂಬುವ ಮೊದಲು ಅನುಮಾನಿಸಲು ಕಲಿಯಲಿ ಅಂತಲೇ ಅವನು ರೆಪ್ಪೆ, ದವಡೆಗಳಿಂದ ಶುರುಮಾಡಿದ್ದು.

ನೀವಿರುವುದು ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಸಣ್ಣ ಲ್ಯಾಬಿನಲ್ಲಿ. ಮಿದುಳು ಮತ್ತು ಸಮಾಜ ಕುರಿತು ವಿದ್ಯಾರ್ಥಿಗಳು ಒಂದು ವಿಶೇಷ ಸಂಚಿಕೆ ತರುತ್ತಿದ್ದಾರೆ. ಎಂ.ಎಸ್ಸಿ. ಹುಡುಗನ ಜೊತೆಗೆ ಕಾನೂನು ಓದುವ ಗದಗದ ಹುಡುಗಿ ಇದ್ದಾಳೆ, ಪತ್ರಿಕೋದ್ಯಮದ ಇನ್ನೊಬ್ಬಳಿದ್ದಾಳೆ. ಅವರ ಮೇಡಂ ಹಾಕಿರುವ ನಿಯಮ ಒಂದೇ: ಯಾವ ಯಂತ್ರದ ಬಗ್ಗೆ ಬರೆಯುತ್ತೀರೋ ಅದರ ಕೆಳಗೆ ಒಮ್ಮೆ ತಲೆಕೊಟ್ಟು ಕೂರಬೇಕು. ಜೊತೆಗೆ ಬಂದಿರುವ ನಿಮಗೂ ರಿಯಾಯಿತಿ ಇಲ್ಲ.

ಈಗ ಐದು ಇಸ್ಪೀಟೆಲೆ. ಒಂದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ನೀವು ಆಟೀನ್ ರಾಣಿಯನ್ನು ಇಟ್ಟುಕೊಳ್ಳುತ್ತೀರಿ. ಎಲೆಗಳು ಪರದೆಯ ಮೇಲೆ ಒಂದಾದ ಮೇಲೊಂದು ಮಿಂಚಿ ಮಾಯವಾಗುತ್ತವೆ, ಮತ್ತೆ ಮತ್ತೆ, ಬೇಸರ ಬರುವಷ್ಟು ಸಲ. ನಮಗೆ ಮುಖ್ಯವಾದದ್ದು ಕಣ್ಣಿಗೆ ಬಿದ್ದ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಏಳುವ ಅಲೆಗೆ ಪಿ300 ಎಂದು ಹೆಸರು. ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು 1965ರಲ್ಲಿ ಅದನ್ನು ವರದಿ ಮಾಡಿದರು. ಒಂದು ಸಲ ನೋಡಿದರೆ ಅದು ಕಾಣಿಸುವುದೇ ಇಲ್ಲ. ಸಂತೆಯ ಗದ್ದಲದಲ್ಲಿ ಒಬ್ಬನ ಪಿಸುಮಾತು ಕೇಳಬೇಕೆಂದರೆ ಅವನು ಅದನ್ನೇ ಹತ್ತಾರು ಸಲ ಹೇಳಬೇಕು, ಗದ್ದಲ ಮಾತ್ರ ಪ್ರತಿ ಸಲವೂ ಬೇರೆಯಾಗಿರಬೇಕು. ಹಾಗೆ ಸರಾಸರಿ ತೆಗೆದಾಗ ಗದ್ದಲ ಕರಗಿ ಪಿಸುಮಾತು ಉಳಿಯುತ್ತದೆ.

ಕಂಪ್ಯೂಟರು ಲೆಕ್ಕ ಮುಗಿಸುತ್ತದೆ. ನಾಲ್ಕು ಗೆರೆ ಚಪ್ಪಟೆ, ಒಂದು ಮಾತ್ರ ಉಬ್ಬಿದೆ. ಆಟೀನ್ ರಾಣಿ. ನಿಮಗೆ ಮೈ ಜುಮ್ಮೆನ್ನುತ್ತದೆ.

"ಎಲ್ರೂ ಬೀಳೋದು ಇಲ್ಲೇ" ಎಂದು ಕಾನೂನಿನ ಹುಡುಗಿ ನಗುತ್ತಾಳೆ.

ಮುಂದಿನ ಸರದಿ ಪತ್ರಿಕೋದ್ಯಮದ ಹುಡುಗಿಯದು. ಅವಳು ಯಾವ ಎಲೆಯನ್ನೂ ಆರಿಸುವಂತಿಲ್ಲ. ಟೋಪಿ ಹಾಕುವಾಗಿನಿಂದ ಮೂವರೂ ಸೇರಿ ಅವಳನ್ನು ಕಾಡಿಸುತ್ತಾರೆ: "ಕ್ಲಾವರ್ ಏಳು ಕದ್ದವಳು ನೀನೇ ಅಂತೆ, ನಿಜ ಹೇಳೇ." "ನಾನ್ಯಾಕೆ ಕದೀಲಿ, ಹೋಗ್ರೋ!" ಆಟ ಮುಗಿದಾಗ ಉಬ್ಬಿರುವುದು ಕ್ಲಾವರ್ ಏಳರ ಗೆರೆ. ಆ ಎಲೆ ಅವಳಿಗೆ ಮುಖ್ಯವಾಗಿದೆ ಎಂಬುದನ್ನು ಅಲೆ ಸರಿಯಾಗಿಯೇ ಹೇಳಿತು. ಏಕೆ ಮುಖ್ಯವಾಯಿತು ಎಂಬುದನ್ನು ಹೇಳಲಿಲ್ಲ. ಇದಕ್ಕೆ ತಿರುಗುಬಾಣವೂ ಉಂಟು. ಅಮೆರಿಕದ ಪೀಟರ್ ರೋಸನ್‌ಫೆಲ್ಡ್ 2004ರಲ್ಲಿ ತೋರಿಸಿದಂತೆ, ಸಂಬಂಧವಿಲ್ಲದ ಚಿತ್ರಗಳು ಬಂದಾಗ ಶೂ ಒಳಗೆ ಕಾಲ್ಬೆರಳು ಆಡಿಸಿದರೂ ಸಾಕು. ಅವೂ ಮುಖ್ಯವಾಗಿಬಿಡುತ್ತವೆ, ಪರೀಕ್ಷೆ ದಾರಿ ತಪ್ಪುತ್ತದೆ.

ಕೂದಲಿನ ಜೆಲ್ ತೊಳೆದುಕೊಂಡು ಪಕ್ಕದ ಕೋಣೆಗೆ ಬರುತ್ತೀರಿ. ಮೇಜಿನ ಮೇಲೆ ಕಾನೂನಿನ ಹುಡುಗಿಯ ಕರಡು, ಪಕ್ಕದಲ್ಲಿ ಮೇಡಂ ಅವರ ಕೆಂಪು ಪೆನ್ನು. ಲೇಖನ ಪುಣೆಯ ಒಂದು ಮೊಕದ್ದಮೆಯ ಬಗ್ಗೆ. ಹಿಂದೆ ಮದುವೆ ನಿಶ್ಚಯವಾಗಿದ್ದ ಯುವಕನಿಗೆ ಪ್ರಸಾದದಲ್ಲಿ ಆರ್ಸೆನಿಕ್ ಬೆರೆಸಿ ಕೊಟ್ಟಳೆಂಬ ಆರೋಪದಲ್ಲಿ ಎಂಬಿಎ ಓದಿದ ಯುವತಿಯೊಬ್ಬಳಿಗೆ ಅಲ್ಲಿನ ನ್ಯಾಯಾಲಯ 2008ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ನ್ಯಾಯಾಧೀಶರು ತೂಕಕೊಟ್ಟ ಸಾಕ್ಷ್ಯಗಳಲ್ಲಿ ಮಿದುಳಿನ ಪರೀಕ್ಷೆಯೂ ಒಂದು. ಆಕೆಯ ತಲೆಗೆ 32 ಎಲೆಕ್ಟ್ರೋಡ್ ಅಂಟಿಸಿ, ತಾನೇ ವಿಷ ಕೊಂಡೆ ಎಂಬಂಥ ವಾಕ್ಯಗಳನ್ನು ಆಕೆಯೇ ಹೇಳುತ್ತಿರುವಂತೆ ಓದಿದರು. ನಡುನಡುವೆ ಆಕಾಶದ ಬಣ್ಣದಂಥ ಸಾದಾ ಮಾತುಗಳೂ ಇದ್ದವು. ಆಕೆ ತುಟಿ ಬಿಚ್ಚಲಿಲ್ಲ. ಅಪರಾಧವನ್ನು ಸ್ವತಃ ಅನುಭವಿಸಿದವರ ನೆನಪು ಇದು ಎಂದು ತಂತ್ರಾಂಶ ಹೇಳಿತು.

ಮೇಡಂ ಒಂದು ಸಾಲಿನ ಕೆಳಗೆ ಗೆರೆ ಎಳೆಯುತ್ತಾರೆ. "ಆಕೆಯ ಮಿದುಳು ಸುಳ್ಳು ಹೇಳಲಿಲ್ಲ ಅಂತ ಬರ್ದಿದ್ದೀಯ. ಬೆಳಿಗ್ಗೆ ಆ ಕ್ಲಾವರ್ ಏಳು ಏನಾಯ್ತಮ್ಮ?"

ಹುಡುಗಿ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಮೆಟ್ಟಿಲುಗಳನ್ನು ಬರೆಯತೊಡಗುತ್ತಾಳೆ. ನೆತ್ತಿಯ ಮೇಲೆ ಅಳೆದ ವೋಲ್ಟೇಜು ಮೊದಲನೆಯದು. ಅದು ರೆಪ್ಪೆಯದಲ್ಲ, ಮಿದುಳಿನದು ಎಂಬುದು ಎರಡನೆಯದು. ಆ ವಾಕ್ಯ ಆಕೆಗೆ ಮುಖ್ಯ ಎಂಬುದು ಮೂರು. ಮುಖ್ಯವಾದದ್ದು ನೆನಪಿನಿಂದಲೇ ಎಂಬುದು ನಾಲ್ಕು. ಆ ನೆನಪು ಹುಟ್ಟಿದ್ದು ಕೃತ್ಯದಿಂದ, ಪೊಲೀಸರ ಪ್ರಶ್ನೆಗಳಿಂದಲ್ಲ, ಪೇಪರಿನಿಂದಲ್ಲ ಎಂಬುದು ಐದು. ಆದ್ದರಿಂದ ಮಾಡಿದ್ದು ಆಕೆಯೇ ಎಂಬುದು ಆರು. "ನಾನು ಮೊದಲನೇ ಮೆಟ್ಟಿಲಿಂದ ಆರನೇದಕ್ಕೆ ಹಾರಿದ್ದೆ" ಅನ್ನುತ್ತಾಳೆ. ಮುಂದೆ ಬಾಂಬೆ ಹೈಕೋರ್ಟು ಆಕೆಗೆ ಜಾಮೀನು ಕೊಟ್ಟ ಸಂಗತಿ ಕರಡಿನ ಕೊನೆಯ ಪ್ಯಾರಾದಲ್ಲಿ ಅಡಗಿತ್ತು. ಮೇಡಂ ಅದನ್ನು ಮೇಲಕ್ಕೆ ತರಿಸುತ್ತಾರೆ.

ಮಧ್ಯಾಹ್ನ ಎಲ್ಲರೂ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೊರಡುತ್ತೀರಿ. ಅಲ್ಲಿನ ಮಿದುಳಿನ ಮ್ಯೂಸಿಯಮ್ಮಿಗೆ ಕಾಲಿಡುತ್ತಲೇ ಫಾರ್ಮಲಿನ್ ವಾಸನೆ ಮೂಗಿಗೆ ಹತ್ತುತ್ತದೆ. ಸಾಲುಸಾಲು ಜಾಡಿಗಳು: ರಕ್ತಸ್ರಾವದಿಂದ ಕಪ್ಪಿಟ್ಟದ್ದು, ಗಡ್ಡೆ ಬೆಳೆದದ್ದು, ಲಾಡಿಹುಳುವಿನ ಮರಿಗಳು ಮನೆಮಾಡಿಕೊಂಡದ್ದು. ಕೈಗವಸು ತೊಟ್ಟ ನಿಮ್ಮ ಅಂಗೈಗೆ ಒಂದು ಮಿದುಳು ಬರುತ್ತದೆ. ಒಂದೂಕಾಲು ಕಿಲೋ ಮೀರಿದ ತೂಕ, ಎರಡೂ ಕೈ ಬೇಕು. ಫಾರ್ಮಲಿನ್ನಿಗೆ ಗಟ್ಟಿಯಾಗಿದೆ, ಜೀವಂತವಿದ್ದಾಗ ಬೆರಳು ಒತ್ತಿದರೆ ಇಳಿದುಹೋಗುವಷ್ಟು ಮೆತ್ತಗಿರುತ್ತದಂತೆ. ಸೀಳಿದ ಇನ್ನೊಂದರಲ್ಲಿ ಹಿಪೊಕ್ಯಾಂಪಸ್ ತೋರಿಸುತ್ತಾರೆ. ನೆನಪು ಕಟ್ಟುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ಎಂ.ಎಸ್ಸಿ. ಹುಡುಗ ಬಗ್ಗಿ ನೋಡುತ್ತಾನೆ. ಸುರುಳಿ ಸುತ್ತಿದ ಬೂದು ಪಟ್ಟಿ, ಅಷ್ಟೇ.

ಇಲ್ಲಿನ ಮಿದುಳು ಭಂಡಾರ ಶುರುವಾದದ್ದು 1995ರಲ್ಲಿ. ಅಪಘಾತದಲ್ಲಿ ಸತ್ತವರ ಮಿದುಳುಗಳು ಬಹಳ, ಮನೆಯವರು ಒಪ್ಪಿ ಕೊಟ್ಟವು. ಶವಾಗಾರದ ಬಾಗಿಲಲ್ಲಿ, ಬದುಕಿನ ಅತಿ ಕೆಟ್ಟ ಗಳಿಗೆಯಲ್ಲಿ ಕೇಳಿ ಪಡೆದ ಒಪ್ಪಿಗೆ. ಆದರೂ ಬೇಡ ಎಂದವರು ದೇಹವನ್ನು ಹಾಗೆಯೇ ಮನೆಗೆ ಒಯ್ಯಬಹುದು. ಕಾನೂನಿನ ಹುಡುಗಿ ಇದನ್ನು ಗುರುತು ಹಾಕಿಕೊಳ್ಳುತ್ತಾಳೆ.

ಪುಣೆಯ ಪರೀಕ್ಷೆಗೂ ಈ ಆವರಣಕ್ಕೂ ನಂಟಿದೆ. ಆ ವಿಧಾನ ರೂಪಿಸಿದ ಚಂಪಾಡಿ ರಾಮನ್ ಮುಕುಂದನ್ ಹಿಂದೆ ಇಲ್ಲೇ ಕ್ಲಿನಿಕಲ್ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅದು ವೈಜ್ಞಾನಿಕವಲ್ಲ, ನ್ಯಾಯಾಲಯದ ಸಾಕ್ಷ್ಯಕ್ಕೆ ಒದಗದು ಎಂದು 2008ರಲ್ಲಿ ಹೇಳಿದ ತಜ್ಞರ ಸಮಿತಿಗೆ ಅಧ್ಯಕ್ಷರಾಗಿದ್ದವರು ಇಲ್ಲಿನ ಅಂದಿನ ನಿರ್ದೇಶಕ ಡಾ. ಡಿ. ನಾಗರಾಜ. "ಒಬ್ಬರನ್ನ ಹೀರೋ, ಇನ್ನೊಬ್ಬರನ್ನ ವಿಲನ್ ಮಾಡ್ಬೇಡ್ರಪ್ಪಾ" ಎಂದು ಮೇಡಂ ಎಚ್ಚರಿಸುತ್ತಾರೆ. ವಿಜ್ಞಾನದೊಳಗಿನ ಜಗಳ ಮುಗಿಯುವ ಮೊದಲೇ ಕಟಕಟೆ ಆ ಯಂತ್ರವನ್ನು ಒಳಗೆ ಕರೆಯಿತು. ಬರೆಯಬೇಕಾದದ್ದು ಆ ಆತುರದ ಬಗ್ಗೆ.

ಸಂಜೆ ಕ್ಯಾಂಟೀನಿನಲ್ಲಿ ಕಾಫಿ ಲೋಟಗಳ ನಡುವೆ ಸೆಲ್ವಿ ತೀರ್ಪಿನ ಪ್ರತಿ ಬಿಚ್ಚಿಕೊಳ್ಳುತ್ತದೆ, 250 ಪುಟಕ್ಕೂ ಮಿಕ್ಕಿದ ಕಟ್ಟು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ತ್ರಿಸದಸ್ಯ ಪೀಠದಲ್ಲಿ ಕನ್ನಡನಾಡಿನ ಆರ್.ವಿ. ರವೀಂದ್ರನ್ ಕೂಡ ಇದ್ದರು. ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ಅಲೆಯ ಪರೀಕ್ಷೆ, ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟು. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ. ಬಾಯಿ ತೆರೆಸದೆ ತಲೆಯಿಂದ ಉತ್ತರ ತೆಗೆದರೂ ಅದು ಸಾಕ್ಷ್ಯವೇ. ಛಾಪಾಕಾಗದ ಹಗರಣದ ತೆಲಗಿಯ ಮಂಪರು ಮಾತುಗಳು ಬೆಂಗಳೂರಿನ ಪರೀಕ್ಷಾ ಕೋಣೆಯಿಂದ ಟೀವಿಗೆ ಹರಿದದ್ದನ್ನು ನೆನೆದರೆ, ಈ ತೀರ್ಪು ಎಷ್ಟು ತಡವಾಗಿ ಬಂತು ಎನ್ನಿಸುತ್ತದೆ.

"ಹಾಗಾದ್ರೆ ಕತೆ ಮುಗೀತು" ಎನ್ನುತ್ತಾಳೆ ಪತ್ರಿಕೋದ್ಯಮದವಳು.

"ಎಲ್ಲಿ ಮುಗೀತೇ? ಆರೋಪಿ ಒಪ್ಪಿದ್ರೆ ಮಾಡಬಹುದು ಅಂತ ಇದೆಯಲ್ಲ." ಅಂಥ ಪರೀಕ್ಷೆಯಿಂದ ಹೊಸದೇನಾದರೂ ಪತ್ತೆಯಾದರೆ ಅದನ್ನು ಸಾಕ್ಷ್ಯವಾಗಿ ಪರಿಗಣಿಸುವ ದಾರಿಯನ್ನೂ ತೀರ್ಪು ತೆರೆದಿಟ್ಟಿದೆ. 2022ರಲ್ಲಿ ದೆಹಲಿಯ ಕೊಲೆ ಪ್ರಕರಣವೊಂದರಲ್ಲಿ ಆರೋಪಿ ಒಪ್ಪಿ ಮಂಪರು ಪರೀಕ್ಷೆ ನಡೆದೇ ನಡೆಯಿತು. ಪುಣೆಯ ಯುವತಿಯೂ ಟೋಪಿಗೆ ತಲೆ ಕೊಟ್ಟದ್ದು ಒಪ್ಪಿಯೇ.

ಮುಂದಿನ ಲೇಖನ ಯಾವುದರ ಬಗ್ಗೆ ಎಂಬುದು ಈಗ ಕೇಳದೆಯೇ ತೀರ್ಮಾನವಾಗುತ್ತದೆ. ಎಂ.ಎಸ್ಸಿ. ಹುಡುಗ ಒತ್ತಡದಲ್ಲಿ ಕೊಡುವ ಒಪ್ಪಿಗೆಯ ಮನಃಶಾಸ್ತ್ರ ಓದಬೇಕು, ಪತ್ರಿಕೋದ್ಯಮದವಳು ವಕೀಲರನ್ನು ಮಾತಾಡಿಸಬೇಕು. "ಒಪ್ಪಿದವರನ್ನಲ್ಲ, ಬೇಡ ಅಂದವರನ್ನ ಹುಡುಕು" ಎಂದು ಕಾನೂನಿನ ಹುಡುಗಿ ಅವಳಿಗೆ ಹೇಳುತ್ತಾಳೆ. "ಬೇಡ ಅಂದಿದ್ದಕ್ಕೇ ಇವನು ಏನೋ ಮುಚ್ಚಿಡ್ತಿದಾನೆ ಅಂತ ಪೊಲೀಸರೂ ಪೇಪರಿನವರೂ ಅಂದುಕೊಳ್ಳೋದಾದ್ರೆ, ಹೌದು ಅಂದವನ ಸಹಿಗೆ ಏನು ಬೆಲೆ?"